ಸಮಾಧಾನಕ್ಕೆ ಅವಸರವಿಲ್ಲ: ಹದಿಹರೆಯದವರ ದುಃಖ ಕುರಿತ ನಾಲ್ಕು ಕ್ರೈಸ್ತ ಚಿತ್ರಗಳು

ಸಾವಾದ ಮನೆಗೆ ಹೋದವರು ಚಪ್ಪಲಿ ಬಿಡುವ ಮೊದಲೇ "ಎಲ್ಲ ದೇವರ ಚಿತ್ತ" ಅಂದುಬಿಟ್ಟರೆ ಹೇಗಿರುತ್ತದೋ, ಯುವಜನರಿಗೆಂದು ಮಾಡಿದ ಬಹಳಷ್ಟು ಕ್ರೈಸ್ತ ಚಿತ್ರಗಳು ಹಾಗೇ ಇರುತ್ತವೆ. ಸಾವು ಬಂತು, ಪ್ರಶ್ನೆ ಎದ್ದಿತು, ಬೈಬಲ್ ವಚನ ಸಿಕ್ಕಿತು, ಹಾಡು ಶುರುವಾಯಿತು. ಯೂತ್ ಮೀಟಿಂಗಿಗೆ ಚಿತ್ರ ಆರಿಸುವವರು ನಷ್ಟಕ್ಕೂ ಸಮಾಧಾನಕ್ಕೂ ನಡುವೆ ಎಷ್ಟು ಹೊತ್ತು ಬಿಟ್ಟಿದ್ದಾರೆ ಎಂಬುದನ್ನು ಮೊದಲು ನೋಡಬೇಕು.

ಈ ಲೆಕ್ಕದಲ್ಲಿ 2010ರಲ್ಲಿ ತೆರೆಕಂಡ 'ಟು ಸೇವ್ ಎ ಲೈಫ್' ಹೆಚ್ಚು ಪ್ರಾಮಾಣಿಕ. ಚಿತ್ರಕಥೆ ಬರೆದ ಜಿಮ್ ಬ್ರಿಟ್ಸ್ ಆಗ ಸ್ವತಃ ಚರ್ಚಿನ ಯುವಜನರ ಪಾಸ್ಟರ್ ಆಗಿದ್ದರು. ಬಾಸ್ಕೆಟ್‌ಬಾಲ್ ತಾರೆ ಜೇಕ್‌ನನ್ನು ಬಾಲ್ಯದಲ್ಲಿ ಕಾರಿನ ಅಡ್ಡದಿಂದ ದೂಡಿ ಉಳಿಸಿ, ತಾನು ಕುಂಟನಾದ ಗೆಳೆಯ ರೋಜರ್. ಹೈಸ್ಕೂಲಿನಲ್ಲಿ ಜೇಕ್ ಅವನನ್ನು ಕೈಬಿಡುತ್ತಾನೆ. ರೋಜರ್ ಶಾಲೆಯಲ್ಲೇ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಮುಂದಿನ ಕಥೆಯನ್ನೆಲ್ಲ ನಡೆಸುವುದು "ನಾನು ಒಂದು ಮಾತಾಡಿಸಿದ್ದರೆ?" ಎಂಬ ಅಪರಾಧಪ್ರಜ್ಞೆ. ಅದಕ್ಕೆ ಬೇಗ ಉತ್ತರ ಸಿಗುವುದಿಲ್ಲ. ಸಭೆಗೆ, ಅಂದರೆ ಚರ್ಚಿಗೆ, ಬಂದ ಮೇಲೂ ಸಿಗುವುದಿಲ್ಲ, ಏಕೆಂದರೆ ಅಲ್ಲಿನ ಹಿರಿಯ ಪಾಸ್ಟರರ ಮಗನೇ ಭಕ್ತಿಯ ನಾಟಕವಾಡುವವನು. ಸಭೆಯೊಳಗಿನ ಕಪಟವನ್ನು ಮುಚ್ಚಿಡದೆ ತೋರಿಸುವ ಈ ಧೈರ್ಯ ಇಂಥ ಚಿತ್ರಗಳಲ್ಲಿ ಅಪರೂಪ. ದೋಷವೂ ಇದೆ: ಕುಡಿತ, ಗಾಂಜಾ, ಗರ್ಭಧಾರಣೆ, ಅಪ್ಪ ಅಮ್ಮನ ಜಗಳ ಎಲ್ಲವನ್ನೂ ಎರಡು ಗಂಟೆಗೆ ತುರುಕಿದ್ದರಿಂದ ಕೊನೆಯ ಅರ್ಧದಲ್ಲಿ ರೋಜರ್ ಮಸುಕಾಗುತ್ತಾನೆ. ಅಮೆರಿಕದಲ್ಲಿ ಇದಕ್ಕೆ ಪಿಜಿ-13 (13 ವರ್ಷದೊಳಗಿನವರಿಗೆ ಕೆಲವು ಭಾಗ ಸಲ್ಲದಿರಬಹುದೆಂದು ಹೆತ್ತವರಿಗೆ ಎಚ್ಚರಿಕೆ) ಕೊಟ್ಟಿದ್ದಾರೆ. ಆ ದರ್ಜೆಯನ್ನು ಗಂಭೀರವಾಗಿ ತೆಗೆದುಕೊಳ್ಳಿ.

'ಸೋಲ್ ಸರ್ಫರ್' (2011) ನಿಜ ಕಥೆ. 2003ರ ಅಕ್ಟೋಬರ್ 31ರಂದು ಹವಾಯಿಯ ಕವಾಯ್ ದ್ವೀಪದಲ್ಲಿ ಹಲಗೆಯ ಮೇಲೆ ನಿಂತು ಸಮುದ್ರದ ಅಲೆ ಸವಾರಿ ಮಾಡುವ ಸರ್ಫಿಂಗ್ ಕ್ರೀಡೆಯ 13 ವರ್ಷದ ಬೆಥನಿ ಹ್ಯಾಮಿಲ್ಟನ್‌ಳ ಎಡಗೈಯನ್ನು ಟೈಗರ್ ಶಾರ್ಕ್ ಕಿತ್ತುಕೊಂಡಿತು. ಇದು ದೇವರ ಯೋಜನೆ ಹೇಗಾಗುತ್ತದೆ ಎಂದು ಅವಳು ಕೇಳುವಾಗ, ಯುವಜನರ ನಾಯಕಿ ಮೊದಲು ಒಪ್ಪಿಕೊಳ್ಳುವುದು ತನಗೆ ಗೊತ್ತಿಲ್ಲ ಎಂದು. ಇಡೀ ಚಿತ್ರದಲ್ಲಿ ಅತ್ಯಂತ ಬೆಲೆಯುಳ್ಳ ಕ್ಷಣ ಅದು. ಸ್ಪರ್ಧೆಯಲ್ಲಿ ಸೋತು ಬೋರ್ಡುಗಳನ್ನು ಕೊಟ್ಟುಬಿಡುವ ದೃಶ್ಯವೂ ಸತ್ಯವಾಗಿ ಬಂದಿದೆ. ಆದರೆ ಕಥೆ ಕೊನೆಗೆ ಕ್ರೀಡೆಯ ಗೆಲುವಿನ ಕಡೆ ತಿರುಗುತ್ತದೆ. ಅಪ್ಪನನ್ನು ಕಳೆದುಕೊಂಡ ಮಗುವಿಗೆ ಗೆಲ್ಲಲು ಯಾವ ಅಲೆಯೂ ಇರುವುದಿಲ್ಲ. ಮುಂದಾಳು ಇದನ್ನು ಮನಸ್ಸಿನಲ್ಲಿಟ್ಟಿರಬೇಕು.

'ಬ್ರೇಕ್‌ಥ್ರೂ' (2019) ಬಗ್ಗೆ ಎಚ್ಚರ ಬೇಕು. ಮಿಸೌರಿಯಲ್ಲಿ ಹಿಮಗಟ್ಟಿದ ಕೆರೆಯೊಳಗೆ ಬಿದ್ದ 14 ವರ್ಷದ ಹುಡುಗ ತಾಯಿಯ ಪ್ರಾರ್ಥನೆಯ ನಂತರ ಬದುಕುತ್ತಾನೆ. ಪ್ರಾರ್ಥಿಸಿಯೂ ತಮ್ಮವರನ್ನು ಉಳಿಸಿಕೊಳ್ಳಲಾಗದ ಮಕ್ಕಳಿಗೆ ಇದು "ನಮ್ಮ ವಿಶ್ವಾಸ ಸಾಲಲಿಲ್ಲ" ಎಂಬ ಆರೋಪದಂತೆ ಕೇಳಿಸಬಹುದು. ಬದುಕಿ ಬಂದವನಿಗೆ ಶಾಲೆಯಲ್ಲಿ "ನೀನೇ ಯಾಕೆ?" ಎಂಬ ಪ್ರಶ್ನೆ ಎದುರಾಗುತ್ತದೆ, ಆದರೆ ಚಿತ್ರ ಅಲ್ಲಿ ನಿಲ್ಲದೆ ದಾಟಿ ಹೋಗುತ್ತದೆ. ಅಸ್ತಮಾ ಇರುವ ಓಟಗಾರ್ತಿಯ 'ಓವರ್‌ಕಮರ್' (2019) ಸೌಮ್ಯವಾದದ್ದು, 12 ವರ್ಷದವರಿಗೂ ಸಲ್ಲುತ್ತದೆ. ಸತ್ತನೆಂದುಕೊಂಡಿದ್ದ ತಂದೆಯನ್ನು ಅವಳು ಕ್ಷಮಿಸುವುದು ಮಾತ್ರ ತೀರ ಸಲೀಸಾಗಿದೆ.

ಪ್ರದರ್ಶನಕ್ಕೆ ಒಟ್ಟು ಮೂರು ಗಂಟೆ ಇಟ್ಟುಕೊಳ್ಳಿ: ಚಿತ್ರಕ್ಕೆ ಎರಡು, ಮಾತಿಗೆ ಒಂದು. ಅಷ್ಟು ಸಿಗದಿದ್ದರೆ ಎರಡು ವಾರಕ್ಕೆ ಹಂಚಿ. 'ಟು ಸೇವ್ ಎ ಲೈಫ್' ಅನ್ನು ಮಾತ್ರ ಸಾವಿನ ದೃಶ್ಯದ ಹತ್ತಿರ ನಿಲ್ಲಿಸಿ ಮಕ್ಕಳನ್ನು ಮನೆಗೆ ಕಳಿಸಬಾರದು. ಇತ್ತೀಚೆಗೆ ಯಾರನ್ನಾದರೂ ಕಳೆದುಕೊಂಡ ಮಕ್ಕಳಿಗೆ ಕಥೆಯನ್ನು ಕೊನೆಯವರೆಗೂ ಮುಂಚೆಯೇ ಹೇಳಿ, ಬರುವುದೋ ಬೇಡವೋ ಅವರಿಗೇ ಬಿಡಿ. ಬಂದರೆ ಬಾಗಿಲ ಹತ್ತಿರ ಕೂರಿಸಿ. ಆತ್ಮಹತ್ಯೆಯಿಂದ ಆಪ್ತರನ್ನು ಕಳೆದುಕೊಂಡವರಿಗೆ 'ಟು ಸೇವ್ ಎ ಲೈಫ್' ಬೇಡವೇ ಬೇಡ.

ಐದಾರು ಮಕ್ಕಳಿಗೆ ಒಬ್ಬ ದೊಡ್ಡವರಂತೆ ಗುಂಪು ಮಾಡಿ. "ದೇವರು ಇದನ್ನೇಕೆ ಬಿಟ್ಟ?" ಎಂದು ಶುರುಮಾಡಿದರೆ ಎಲ್ಲರೂ ಭಾನುವಾರ ಚರ್ಚಿನಲ್ಲಿ ಕಲಿತ ಉತ್ತರ ಒಪ್ಪಿಸುತ್ತಾರೆ. "ಜೇಕ್ ಆವತ್ತು ಯಾರ ಹತ್ತಿರ ಮಾತಾಡಬಹುದಿತ್ತು?" ಎಂದು ಕೇಳಿ, ಬಾಯಿ ಬಿಡುತ್ತಾರೆ. ಚಿತ್ರ ಮುಗಿದ ಕೂಡಲೇ ತೀರ್ಮಾನದ ಕರೆ (ಯೇಸುವನ್ನು ಒಪ್ಪಿಕೊಳ್ಳುವವರು ಮುಂದೆ ಬನ್ನಿ ಎಂಬ ಆಹ್ವಾನ) ಕೊಡುವುದು ದೊಡ್ಡ ತಪ್ಪು: ಕಣ್ಣೀರಿನಲ್ಲಿ ಮುಂದೆ ಬಂದ ಮಗು, ಭಾವ ಇಳಿದ ಮೇಲೆ ತನ್ನ ನಂಬಿಕೆಯೇ ಸುಳ್ಳೆಂದುಕೊಳ್ಳುತ್ತದೆ. ಯಾರಾದರೂ ಸಾಯಬೇಕೆನಿಸುತ್ತದೆ ಎಂದರೆ ಗುಟ್ಟಾಗಿಡುವ ಮಾತು ಕೊಡಬೇಡಿ. ಒಂಟಿಯಾಗಿ ಬಿಡದೆ, ಆವತ್ತೇ ಮನೆಯವರಿಗೆ ತಿಳಿಸಿ ವೈದ್ಯರ ನೆರವು ಪಡೆಯಿರಿ.

ಕೊನೆಗೆ ಓದಲು ಬೈಬಲಿನ 88ನೇ ಕೀರ್ತನೆ ಸೂಕ್ತ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಪ್ರಾರ್ಥನೆಯೇ. ಓದಿ, ವಿವರಿಸದೆ ಎರಡು ನಿಮಿಷ ಸುಮ್ಮನಿರಿ.