ನ್ಯೂ ಬೀಕನ್ ಬುಕ್ಸ್, ಫಿನ್ಸ್‌ಬರಿ ಪಾರ್ಕ್: ಲಂಡನ್ನಲ್ಲಿರೋರು ಒಂದ್ಸಲ ಹೋಗ್ಲೇಬೇಕಾದ ಪುಸ್ತಕದಂಗಡಿ

ಲಂಡನ್ನಲ್ಲಿ ಪುಸ್ತಕದಂಗಡಿ ಯಾವ್ದು ಚೆನ್ನಾಗಿದೆ ಅಂತ ಕೇಳಿದ್ರೆ ನಮ್ಮೋರೆಲ್ಲ ಚೇರಿಂಗ್ ಕ್ರಾಸ್ ರೋಡು, ಪಿಕಡಿಲಿ ಅಂತಾನೇ ಹೇಳ್ತಾರೆ. ಅವೂ ಚೆನ್ನಾಗೇ ಇವೆ, ಬೇಡ ಅನ್ನಲ್ಲ. ಆದ್ರೆ ವಿಕ್ಟೋರಿಯಾ ಲೈನೋ ಪಿಕಡಿಲಿ ಲೈನೋ ಹಿಡ್ಕೊಂಡು ಫಿನ್ಸ್‌ಬರಿ ಪಾರ್ಕಲ್ಲಿ ಇಳೀರಿ, ಸ್ಟ್ರೌಡ್ ಗ್ರೀನ್ ರೋಡಲ್ಲಿ ಸ್ವಲ್ಪ ನಡೆದ್ರೆ 76ನೇ ನಂಬರ್, ನ್ಯೂ ಬೀಕನ್ ಬುಕ್ಸ್. ಕೆರಿಬಿಯನ್, ಆಫ್ರಿಕನ್, ಬ್ಲ್ಯಾಕ್ ಬ್ರಿಟಿಷ್, ಆಫ್ರಿಕನ್ ಅಮೆರಿಕನ್ ಲೇಖಕರ ಪುಸ್ತಕಗಳಿಗೆ ಅಂತಾನೇ ಇರೋ ಅಂಗಡಿ. ದೊಡ್ಡದಲ್ಲ. ಕಾಫಿ ಹೀರ್ತಾ ಸೋಫಾದಲ್ಲಿ ಫೋಟೋ ತೆಗೆಸ್ಕೊಳ್ಳೋ ಪ್ಲ್ಯಾನ್ ಇದ್ರೆ ಬೇರೆ ಕಡೆ ಹೋಗಿ.

ಶುರುವಾಗಿದ್ದು 1966ರಲ್ಲಿ. ಟ್ರಿನಿಡಾಡ್‌ನಿಂದ ಬಂದ ಜಾನ್ ಲಾ ರೋಸ್, ಜೊತೆಗೆ ಸಾರಾ ವೈಟ್, ಇಬ್ರೂ ಸೇರಿ ಮಾಡಿದ್ದು, ಅದೂ ಮೊದ್ಲು ಅಂಗಡಿ ಅಲ್ಲ, ಪ್ರಕಾಶನ. ಮೊದಲನೇ ಪುಸ್ತಕ ಲಾ ರೋಸ್ ಅವ್ರದ್ದೇ ಪದ್ಯಗಳು. ಮನೆಯಿಂದಾನೇ ಪುಸ್ತಕ ಮಾರ್ತಿದ್ದು 1973ರಲ್ಲಿ ಈ ಜಾಗಕ್ಕೆ ಬಂದ್ರು. ನನ್ಗೆ ಇದರಲ್ಲಿ ಇಷ್ಟವಾಗೋದು ಏನಂದ್ರೆ ಇವ್ರು ಯಾರ ಬಾಗ್ಲನ್ನೂ ತಟ್ತಾ ಕೂರಲಿಲ್ಲ. 1869ರಲ್ಲೇ ಜೆ.ಜೆ. ಥಾಮಸ್ ಅನ್ನೋ ಟ್ರಿನಿಡಾಡಿನ ಮೇಷ್ಟ್ರು ಜನ ಆಡೋ ಕ್ರಿಯೋಲ್ ಭಾಷೆಗೆ ವ್ಯಾಕರಣ ಬರ್ದಿದ್ರು, ಸರಿಯಾಗಿ ನೂರು ವರ್ಷ ಆದ್ಮೇಲೆ ಅದನ್ನ ಮತ್ತೆ ಅಚ್ಚು ಹಾಕ್ಸಿದ್ದು ಈ ಪುಟ್ಟ ಸಂಸ್ಥೆ. 1971ರಲ್ಲಿ ಬರ್ನಾರ್ಡ್ ಕೋರ್ಡ್ ಬರೆದ ಒಂದು ತೆಳು ಪುಸ್ತಕ ತಂದ್ರು, ವೆಸ್ಟ್ ಇಂಡೀಸ್ ಮೂಲದ ಮಕ್ಕಳನ್ನ ಇಂಗ್ಲೆಂಡಿನ ಸ್ಕೂಲುಗಳು ಹೇಗೆ "ಬುದ್ಧಿ ಕಮ್ಮಿ" ಅಂತ ಹಣೆಪಟ್ಟಿ ಹಚ್ಚಿ ಬೇರೆ ಸ್ಕೂಲಿಗೆ ತಳ್ತಿದ್ವು ಅನ್ನೋದರ ಬಗ್ಗೆ. ಅಪ್ಪ ಅಮ್ಮಂದಿರು ಅದನ್ನ ಓದಿ ಕೈಕೈ ದಾಟಿಸಿ ಸ್ಕೂಲಲ್ಲಿ ಹೋಗಿ ಜಗಳಕ್ಕೆ ನಿಂತ್ರು. ಮಕ್ಕಳನ್ನ ಇಲ್ಲಿ ಸ್ಕೂಲಿಗೆ ಕಳ್ಸೋರು ಯಾರಾದ್ರೂ ಈ ಕಥೆ ಓದಿದ್ರೆ ಹೊಟ್ಟೆಯೊಳಗೆ ಚುರ್ ಅನ್ನತ್ತೆ.

ಸುಮ್ನೆ ಬಿಡ್ತಾರಾ? ಎಪ್ಪತ್ತರ ದಶಕದ ಕೊನೇಲಿ ಇಂಥ ಅಂಗಡಿಗಳ ಮೇಲೆ ಜನಾಂಗದ್ವೇಷಿಗಳು ದಾಳಿ ಮಾಡ್ತಿದ್ರು, ಈಲಿಂಗ್‌ನಲ್ಲಿ ಜೆಸಿಕಾ ಮತ್ತೆ ಎರಿಕ್ ಹಂಟ್ಲಿ ನಡೆಸ್ತಿದ್ದ ಬೋಗಲ್ ಲೂವರ್ಚರ್ ಅಂಗಡಿಗೂ ಅದೇ ಗತಿ. ಈ ಅಂಗಡಿಯೋರೆಲ್ಲ ಸೇರಿ 1982ರಲ್ಲಿ ಒಂದು ಅಂತರರಾಷ್ಟ್ರೀಯ ಪುಸ್ತಕ ಮೇಳಾನೇ ಶುರು ಮಾಡಿದ್ರು, 1995ರವರೆಗೂ ನಡೀತು.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ದೊಡ್ಡ ಪ್ರಕಾಶಕರು ಇವತ್ತಿಗೂ ಇಂಥ ಪುಸ್ತಕಗಳ ಬಗ್ಗೆ ಹೇಳೋ ಒಂದೇ ಮಾತು ಅಂದ್ರೆ "ಮಾರ್ಕೆಟ್ ಇಲ್ಲ". ಈ ಕಪಾಟುಗಳ ಮುಂದೆ ನಿಂತ್ಕೊಂಡು ಆ ಮಾತು ಹೇಳಿ ನೋಡೋಣ. ಬರೆಯೋರಿಗೇನೂ ಬರ ಇರ್ಲಿಲ್ಲ ಸ್ವಾಮಿ, ಅಚ್ಚು ಹಾಕೋರಿಗೆ ಬರ. ಅಮೆರಿಕದ ದೊಡ್ಡ ಪ್ರಕಾಶನಗಳು 1950ರಿಂದ 2018ರವರೆಗೆ ತಂದ ಇಂಗ್ಲಿಷ್ ಕಥೆ ಕಾದಂಬರಿಗಳಲ್ಲಿ ಲೇಖಕರ ಹಿನ್ನೆಲೆ ಗೊತ್ತಾದ ಏಳು ಸಾವಿರ ಚಿಲ್ಲರೆ ಪುಸ್ತಕಗಳನ್ನ 2020ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೋಸ್ಕರ ಲೆಕ್ಕ ಹಾಕಿದ್ರು, 95% ಬಿಳಿಯರದ್ದೇ. ಸರಿ ಹಳೇ ಕಾಲ ಅಂತೀರಾ, 2018 ಒಂದನ್ನೇ ತಗೊಂಡ್ರೂ 89%. ಅಲ್ಲಿನ ಜನಸಂಖ್ಯೆಲಿ ಅವ್ರು ಸುಮಾರು 60% ಅಷ್ಟೆ. ಇನ್ನು ಯಾವ ಪುಸ್ತಕ ಬರ್ಬೇಕು ಅಂತ ತೀರ್ಮಾನ ಮಾಡೋರ ಕುರ್ಚಿಗಳು? ಲೀ ಅಂಡ್ ಲೋ ಅನ್ನೋ ಪ್ರಕಾಶನ ಮಾಡಿದ 2019ರ ಸರ್ವೇಲಿ ಇಡೀ ಉದ್ಯಮದಲ್ಲಿ 76% ಬಿಳಿಯರು. ಆಮೇಲೆ ದುಡ್ಡಿನ ವಿಷ್ಯ. 2020ರ ಜೂನಲ್ಲಿ ಎಲ್.ಎಲ್. ಮಕಿನ್ನಿ ಅನ್ನೋ ಲೇಖಕಿ ಒಂದು ಹ್ಯಾಶ್‌ಟ್ಯಾಗ್ ಶುರು ಮಾಡಿ ಲೇಖಕರೆಲ್ಲ ತಮ್ಗೆ ಸಿಕ್ಕ ಅಡ್ವಾನ್ಸ್ ಎಷ್ಟು ಅಂತ ಬಯಲಿಗೆ ಹಾಕಿ ಅಂದಾಗ ಗೊತ್ತಾಯ್ತು, ಸತತ ಮೂರು ವರ್ಷ ಹ್ಯೂಗೋ ಪ್ರಶಸ್ತಿ (ವೈಜ್ಞಾನಿಕ ಕಥೆಗಳಿಗೆ ಕೊಡೋದು) ತಗೊಂಡ ಬ್ಲ್ಯಾಕ್ ಲೇಖಕಿ ಎನ್.ಕೆ. ಜೆಮಿಸಿನ್‌ಗೆ ಆ ಮೂರು ಕಾದಂಬರಿಗಳಿಗೆ ತಲಾ 25,000 ಡಾಲರ್. ನ್ಯಾಷನಲ್ ಬುಕ್ ಅವಾರ್ಡ್ ಗೆದ್ದ ಇನ್ನೊಬ್ಬ ಬ್ಲ್ಯಾಕ್ ಲೇಖಕಿ ಜೆಸ್ಮಿನ್ ವಾರ್ಡ್ ಒಂದು ಲಕ್ಷ ಡಾಲರ್‌ಗೆ ಗುದ್ದಾಡ್ಬೇಕಾಯ್ತಂತೆ. ಇನ್ನೂ ಒಂದು ಪುಸ್ತಕಾನೂ ಬರದೇ ಇರೋ ಬಿಳಿ ಹುಡುಗ್ರು ಅದಕ್ಕಿಂತ ಜಾಸ್ತಿ ಬರ್ಕೊಂಡಿದ್ರು ಆ ಲಿಸ್ಟಲ್ಲಿ.

ಅದೇ ಜೂನಲ್ಲಿ, ಅಮೆರಿಕದಲ್ಲಿ ಪೊಲೀಸರ ಕೈಲಿ ಜಾರ್ಜ್ ಫ್ಲಾಯ್ಡ್ ಕೊಲೆ ಆದ್ಮೇಲೆ, ಎಲ್ರೂ ಪುಸ್ತಕ ಕೊಳ್ಳೋಕೆ ಮುಗಿಬಿದ್ದು ರೆನಿ ಎಡ್ಡೋ-ಲಾಡ್ಜ್ ಬ್ರಿಟನ್ನಿನ ಬೆಸ್ಟ್‌ಸೆಲ್ಲರ್ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದ್ರು, ಅಲ್ಲಿಗೆ ಹೋದ ಮೊದಲ ಬ್ಲ್ಯಾಕ್ ಬ್ರಿಟಿಷ್ ಲೇಖಕಿ. 2020ರಲ್ಲಿ ಮೊದಲು! ಇನ್ನೊಬ್ಬ ಬ್ಲ್ಯಾಕ್ ಬ್ರಿಟಿಷ್ ಲೇಖಕಿ ಬರ್ನಾರ್ಡೀನ್ ಎವರಿಸ್ಟೋಗೆ ಬೂಕರ್ ಬಂದಿದ್ದು 2019ರಲ್ಲಿ, ಅದೂ ಹಂಚ್ಕೊಂಡು. ಈ ಉತ್ಸಾಹ ಆಮೇಲೆ ಏನಾಗತ್ತೆ ಅಂತ ನೋಡ್ಬೇಕಾದ್ರೆ ನಮ್ಮನೆ ಹತ್ರದ ಒಂದು ಚೈನ್ ಅಂಗಡಿಗೆ ಬನ್ನಿ, ಹೆಸ್ರು ಬೇಡ, ಅಕ್ಟೋಬರಲ್ಲಿ ಬ್ಲ್ಯಾಕ್ ಹಿಸ್ಟರಿ ಮಂತ್ ಅಂತ ಮುಂದಿನ ಟೇಬಲ್ ತುಂಬ ಜೋಡ್ಸಿರ್ತಾರೆ, ನವೆಂಬರಲ್ಲಿ ಅದೇ ಟೇಬಲ್ ಮೇಲೆ ಕ್ರಿಸ್ಮಸ್ ಅಡುಗೆ ಪುಸ್ತಕ. ಹಬ್ಬದಲ್ಲಿ ಅಟ್ಟದಿಂದ ಇಳ್ಸಿ ಮತ್ತೆ ಮೇಲಿಡೋ ಗೊಂಬೆ ಥರ. ನ್ಯೂ ಬೀಕನ್ನಲ್ಲಿ ವರ್ಷಪೂರ್ತಿ ಅದೇ ಮುಂದಿನ ಟೇಬಲ್.

ಮಕ್ಕಳ ಪುಸ್ತಕಾನ ಮಾತ್ರ ತಪ್ಪಿಸ್ಬೇಡಿ. 2017ರಲ್ಲಿ ಬ್ರಿಟನ್ನಲ್ಲಿ ಬಂದ 9,115 ಮಕ್ಕಳ ಪುಸ್ತಕಗಳಲ್ಲಿ ಬಿಳಿಯರಲ್ಲದ ಪಾತ್ರ ಇದ್ದಿದ್ದು 391ರಲ್ಲಿ, ಮುಖ್ಯ ಪಾತ್ರ ಅಂತ ನೋಡಿದ್ರೆ ಬರೀ 1%. ಸಿಎಲ್‌ಪಿಇ ಅನ್ನೋ ಸಂಸ್ಥೆ ಲೆಕ್ಕ ಇದು, ಬಿಳಿಯರಲ್ಲದೋರು ಅಂದ್ರೆ ಅದ್ರಲ್ಲಿ ನಮ್ಮ ಮಕ್ಕಳೂ ಸೇರಿದ್ರು ನೋಡಿ. ಕಥೆ ಪುಸ್ತಕದಲ್ಲಿ ಕರಡಿ ಮೊಲ ಸಿಗತ್ತೆ, ನಮ್ಮ ಮಕ್ಕಳ ಬಣ್ಣದ ಮಗು ಸಿಗಲ್ಲ. ಆಮೇಲಾಮೇಲೆ ಸುಧಾರ್ಸಿದೆ, ನಿಜ, ಆದ್ರೂ ಹುಡುಕ್ಲೇಬೇಕು, ಇಲ್ಲಿ ಹುಡುಕ್ಬೇಕಾಗಿಲ್ಲ.

ಅಂದಹಾಗೆ ಸಣ್ಣ ಪ್ರೆಸ್‌ಗಳೇ ಯಾವಾಗ್ಲೂ ಮೊದ್ಲು ಧೈರ್ಯ ಮಾಡೋದು. ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಆ ಇಂಗ್ಲಿಷ್ ಅನುವಾದ ಇಲ್ಲಿ ತಂದಿದ್ದೂ ಶೆಫೀಲ್ಡಿನ ಒಂದು ಸಣ್ಣ ಪ್ರಕಾಶನಾನೇ.

ಆದ್ರೆ ಧೈರ್ಯ ಬಾಡಿಗೆ ಕಟ್ಟಲ್ಲ. 2021ರ ಡಿಸೆಂಬರಲ್ಲಿ ಅಂಗಡಿ ಮುಚ್ಚಿ ಬರೀ ಆನ್‌ಲೈನ್ ಆಗ್ತೀವಿ ಅಂತ ಹೇಳ್ಬಿಟ್ಟಿದ್ರು. ಓದೋರೇ ಚಂದಾ ಎತ್ತಿ, ಗುರಿ ಇಟ್ಟಿದ್ದಕ್ಕಿಂತ ಜಾಸ್ತಿ ಕೂಡ್ಸಿ ಉಳ್ಸಿದ್ರು. "ಮಾರ್ಕೆಟ್ ಇಲ್ಲ" ಅನ್ನೋರು ಇದನ್ನೂ ಲೆಕ್ಕಕ್ಕೆ ತಗೋಬೇಕು.

ಹೋಗೋಕ್ಮುಂಚೆ ಅವ್ರ ಸೈಟಲ್ಲಿ ಟೈಮಿಂಗ್ಸ್ ನೋಡ್ಕೊಳ್ಳಿ, ಸಣ್ಣ ಅಂಗಡಿ, ಯಾವಾಗ್ಲೂ ತೆಗ್ದಿರತ್ತೆ ಅನ್ಕೋಬೇಡಿ. ಆನ್‌ಲೈನ್ ದೈತ್ಯರ ಡಿಸ್ಕೌಂಟು ಇಲ್ಲಿ ಕೇಳ್ಬೇಡಿ, ಅಷ್ಟು ಜಾಸ್ತಿ ಕೊಡೋಕೆ ನನ್ಗೇನೂ ಬೇಜಾರಿಲ್ಲ. ಮೇಲ್ಗಡೆ ಜಾರ್ಜ್ ಪ್ಯಾಡ್‌ಮೋರ್ ಇನ್‌ಸ್ಟಿಟ್ಯೂಟ್ ಇದೆ, 1991ರಲ್ಲಿ ಶುರುವಾದ ಆರ್ಕೈವ್, ರಿಸರ್ಚ್ ಮಾಡೋರು ಮೊದ್ಲೇ ಬರ್ದು ಅಪಾಯಿಂಟ್‌ಮೆಂಟ್ ತಗೊಂಡು ಹೋಗಿ. ಎಲ್ಲಿಂದ ಶುರು ಮಾಡ್ಬೇಕು ಗೊತ್ತಿಲ್ಲ ಅನ್ನೋರು ಟ್ರಿನಿಡಾಡ್ ಮೂಲದ ಕಾದಂಬರಿಕಾರ ಸ್ಯಾಮ್ ಸೆಲ್ವನ್‌ನಿಂದ ಶುರು ಮಾಡಿ, ಐವತ್ತರ ದಶಕದ ಲಂಡನ್ ಚಳಿ, ಬಾಡಿಗೆ ರೂಮು, ಊರಿನ ನೆನಪು ಎಲ್ಲಾ ಇದೆ, ನಗ್ತಾ ನಗ್ತಾ ಓದ್ಸತ್ತೆ. ಐದಕ್ಕೆ ಐದು ನನ್ ಕಡೆಯಿಂದ.