ರೆಸಿನ್ ಪ್ಯಾಡೋ, ಸಿಂಟರ್ಡ್ ಪ್ಯಾಡೋ? ಒಂದೇ ಬ್ರೇಕಿನಲ್ಲಿ ಎರಡರ ಹೋಲಿಕೆ

ಶಿಮಾನೋ ಎಂಟಿ200 ಹೈಡ್ರಾಲಿಕ್ ಬ್ರೇಕ್ ಇರುವ ಮೌಂಟನ್ ಬೈಕ್‌ಗೆ ಕಂಪನಿಯಿಂದ ಬರುವುದು ರೆಸಿನ್ ಪ್ಯಾಡ್, ಅಂದರೆ ರಾಳದಿಂದ ಅಂಟಿಸಿದ ಬ್ರೇಕ್ ಪ್ಯಾಡ್. ಅದರ ಬದಲು ಮೆಟಲ್, ಅಂದರೆ ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ಹಾಕಿದರೆ ಜಾಸ್ತಿ ದಿನ ಬಾಳುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಎರಡನ್ನೂ ಹಾಕಿ ಓಡಿಸಿ ನೋಡಿದರೆ ಆ ಮಾತು ಅರ್ಧ ನಿಜ. ಮೊದಲು ನೋಡಬೇಕಾದದ್ದು ಪ್ಯಾಡನ್ನಲ್ಲ, ರೋಟರನ್ನು, ಅಂದರೆ ಚಕ್ರದ ಜೊತೆ ತಿರುಗುವ, ಪ್ಯಾಡ್ ಹಿಡಿಯುವ ಉಕ್ಕಿನ ತಟ್ಟೆಯನ್ನು. ಶಿಮಾನೋದ ಆರ್‌ಟಿ26, ಆರ್‌ಟಿ56ರಂಥ ರೋಟರ್ ಮೇಲೆ ‘ರೆಸಿನ್ ಪ್ಯಾಡ್ ಮಾತ್ರ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಅವುಗಳ ಉಕ್ಕು ಮೆದು, ಸಿಂಟರ್ಡ್ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ. ಹೊಸ ರೋಟರ್ 1.8 ಮಿ.ಮೀ. ದಪ್ಪ, 1.5ಕ್ಕೆ ಇಳಿದರೆ ಬದಲಿಸಲೇಬೇಕು. ಸಿಂಟರ್ಡ್ ಬೇಕೆಂದರೆ ಆರ್‌ಟಿ66ರಂಥ ಗಟ್ಟಿ ರೋಟರಿನ ಖರ್ಚನ್ನೂ ಸೇರಿಸಿಕೊಳ್ಳಿ.

ಒಣ ರಸ್ತೆಯಲ್ಲಿ ರೆಸಿನ್‌ದೇ ಮೇಲುಗೈ. ಲಿವರ್ ಮುಟ್ಟಿದ ಕೂಡಲೇ ಹಿಡಿತ, ಸದ್ದೂ ಇಲ್ಲ. ಆದರೆ ನಂದಿ ಬೆಟ್ಟದ ಇಳಿಜಾರಿನಲ್ಲಿ ಲಿವರ್ ಬಿಡದೆ ಎಳೆದುಕೊಂಡೇ ಬಂದರೆ ಪ್ಯಾಡ್ ಕಾದು ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ, ಹಿಡಿತ ಹೋಗುತ್ತದೆ. ಮಲೆನಾಡಿನ ಮಳೆಗಾಲದ ಕೆಸರಿನಲ್ಲಂತೂ ರೆಸಿನ್ ಕರಗಿಹೋಗುತ್ತದೆ ಎಂದೇ ಹೇಳಬೇಕು. ಮಣ್ಣಿನ ಹರಳು ಅದನ್ನು ಉಜ್ಜಿ ಉಜ್ಜಿ ಮುಗಿಸುತ್ತದೆ. ಅಲ್ಲಿ ಸಿಂಟರ್ಡ್‌ಗೆ ಸಾಟಿಯಿಲ್ಲ. ತಣ್ಣಗಿರುವಾಗ ಹಿಡಿತ ಸ್ವಲ್ಪ ಕಡಿಮೆ, ಒದ್ದೆಯಾದರೆ ಕಿರುಚುತ್ತದೆ, ಬಿಸಿಯನ್ನು ಪ್ಯಾಡನ್ನು ಒತ್ತುವ ಪಿಸ್ಟನ್ ಕಡೆಗೂ ಹೆಚ್ಚು ದಾಟಿಸುತ್ತದೆ. ಆದರೂ ಘಾಟಿಯ ಮಳೆಯಲ್ಲಿ ಇಳಿಯುವವರಿಗೆ ನನ್ನ ಆಯ್ಕೆ ಅದೇ.

ಕೂರಿಸುವ ಕೆಲಸ ಎರಡಕ್ಕೂ ಒಂದೇ. ಪ್ಯಾಡಿನ ಸವೆಯುವ ಭಾಗ 0.5 ಮಿ.ಮೀ.ಗೆ ಬಂದಾಗ ಚಕ್ರ ಬಿಚ್ಚಿ, ಸ್ಪ್ಲಿಟ್ ಪಿನ್ನಿನ ಬಾಗಿದ ತುದಿಯನ್ನು ಇಕ್ಕಳದಿಂದ ನೇರ ಮಾಡಿ ಎಳೆಯಿರಿ. ಪ್ಯಾಡ್‌ಗಳು ಸ್ಪ್ರಿಂಗ್ ಸಮೇತ ಹೊರಬರುತ್ತವೆ. ಪಿಸ್ಟನ್ ಒಳಗೆ ತಳ್ಳುವ ಮೊದಲು ಅದರ ಅಂಚನ್ನು ಒರೆಸಿ, ಇಲ್ಲವಾದರೆ ಧೂಳು ಸೀಲಿನೊಳಗೆ ಹೋಗುತ್ತದೆ. ತಳ್ಳಲು ಪ್ಲಾಸ್ಟಿಕ್ ಟೈರ್ ಲಿವರ್ ಸಾಕು. ಸ್ಕ್ರೂಡ್ರೈವರ್ ತಾಗಿ ಪಿಸ್ಟನ್ ಸೀಳಿದರೆ ಪಿಸ್ಟನ್, ಪ್ಯಾಡ್ ಕೂರುವ ಕ್ಯಾಲಿಪರ್ರೇ ಹೋಯಿತು. ಪಿಸ್ಟನ್ ಪೂರ್ತಿ ಒಳಗೆ ಹೋಗದಿದ್ದರೆ ಬ್ರೇಕ್ ಎಣ್ಣೆ ಹೆಚ್ಚಿರಬಹುದು, ಲಿವರ್ ಮೇಲಿನ ಬ್ಲೀಡ್ ಸ್ಕ್ರೂ ತೆಗೆದು ತುಸು ಹೊರಬಿಡಿ. ಚಕ್ರವಿಲ್ಲದಾಗ ಲಿವರ್ ಒತ್ತಲೇಬೇಡಿ.

ಹೊಸ ಪ್ಯಾಡಿನ ಮುಖ ಮುಟ್ಟದೆ, ಸ್ಪ್ರಿಂಗಿನ ಕಾಲು ರೋಟರ್‌ಗೆ ತಾಗದಂತೆ ಜೋಡಿಸಿ, ಪಿನ್ ಹಾಕಿ ತುದಿ ಬಾಗಿಸಿ. ರೋಟರನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಚಕ್ರ ಕೂರಿಸಿ ಕ್ಯಾಲಿಪರ್ ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದುಕೊಂಡೇ ಎರಡೂ ಬೋಲ್ಟನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ 6–8 ನ್ಯೂಟನ್ ಮೀಟರ್‌ಗೆ ಬಿಗಿ ಮಾಡಿ. ಚಕ್ರ ತಿರುಗಿಸಿ, ಒಂದೇ ಕಡೆ ಉಜ್ಜಿದರೆ ಮತ್ತೆ ಸಡಿಲಿಸಿ ಕೂರಿಸಿ.

ವ್ಯತ್ಯಾಸ ಕಾಣುವುದು ಪಳಗಿಸುವಾಗ, ಅಂದರೆ ಹೊಸ ಪ್ಯಾಡನ್ನು ರೋಟರ್‌ಗೆ ಹೊಂದಿಸುವಾಗ. ಸಾಧಾರಣ ವೇಗದಿಂದ ನಡಿಗೆಯ ವೇಗಕ್ಕೆ 20 ಸಲ, ಇನ್ನೂ ವೇಗದಿಂದ 10 ಸಲ, ಚಕ್ರ ಲಾಕ್ ಆಗದಂತೆ ಹಿಡಿಯಿರಿ. ರೆಸಿನ್ ಇಷ್ಟರಲ್ಲೇ ಕೂತುಕೊಳ್ಳುತ್ತದೆ, ಸಿಂಟರ್ಡ್ ಇನ್ನೊಂದಿಷ್ಟು ಕೇಳುತ್ತದೆ. ಹಳೆ ರೋಟರಿನಲ್ಲೇ ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದಾದರೆ, ಹಿಂದಿನ ಪ್ಯಾಡ್ ಬಿಟ್ಟ ಪದರವನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ತೆಗೆದು ಆಮೇಲೆ ಪಳಗಿಸಿ. ಆ ಪದರ ಉಳಿದರೆ ಹೊಸ ಪ್ಯಾಡ್ ಹಿಡಿಯುವುದೂ ಇಲ್ಲ, ಸುಮ್ಮನಿರುವುದೂ ಇಲ್ಲ.