ರಷ್ಯಾದಲ್ಲಿ ಕೆಲಸ ಅಂತ ಏಜೆಂಟ್ ಕರೆದರೆ ದಯವಿಟ್ಟು ಮಕ್ಕಳನ್ನು ಕಳಿಸಬೇಡಿ

ಕೆಲಸ ಅಂತ ಕರೆದು ಹುಡುಗರನ್ನು ರಷ್ಯಾ ಸೈನ್ಯಕ್ಕೆ ಸೇರಿಸುವ ಏಜೆಂಟರು ಮತ್ತೆ ಶುರು ಮಾಡಿದ್ದಾರೆ. 2023ರಲ್ಲಿ ಹೆಲ್ಪರ್ ಕೆಲಸ ಅಂತಿದ್ದರು, ಈಗ ಕಟ್ಟಡ ಕೆಲಸ, ಸ್ಟೂಡೆಂಟ್ ವೀಸಾ ಅಂತಿದ್ದಾರೆ. ಮೊನ್ನೆ ನಮ್ಮ ಸಂಬಂಧಿಕರ ಹುಡುಗನಿಗೇ ಇಂಥ ಮೆಸೇಜ್ ಬಂದಿದೆ. ಅದೇ ಮಾತು, ಅದೇ ಸಂಬಳದ ಆಸೆ. ಇಷ್ಟು ದಿನ ಮನೆ ಮರ್ಯಾದೆ ಅಂತ ಬಾಯಿ ಮುಚ್ಚಿಕೊಂಡಿದ್ದೆವು. ಇನ್ನು ಸುಮ್ನೆ ಇರೋಕೆ ಆಗಲ್ಲ.

ನನ್ನ ತಮ್ಮ ದುಬೈನಲ್ಲಿ ಗೋಡೌನ್ ಕೆಲಸದಲ್ಲಿದ್ದ. 2023ರ ಕೊನೆಯ ಹೊತ್ತಿಗೆ ವೀಸಾ ಮುಗಿಯುತ್ತಾ ಬಂದಿತ್ತು, ಊರಿಗೆ ಬಂದರೆ ಕೈಯಲ್ಲಿ ಕೆಲಸ ಇಲ್ಲ. ಆಗ ಕಣ್ಣಿಗೆ ಬಿದ್ದದ್ದು ಒಬ್ಬ ಏಜೆಂಟನ ಯೂಟ್ಯೂಬ್ ವಿಡಿಯೊ. ಹಿಮ ಬೀಳುವ ಬೀದಿಯಲ್ಲಿ ನಿಂತು ನಗುತ್ತಾ ಹೇಳುತ್ತಿದ್ದ: ರಷ್ಯಾ ಸೈನ್ಯಕ್ಕೆ ಹೆಲ್ಪರ್ ಬೇಕು, ಅಡುಗೆಮನೆ, ಗೋಡೌನ್, ಸಾಮಾನು ಇಳಿಸೋದು ಅಷ್ಟೇ, ಯುದ್ಧದ ಜಾಗಕ್ಕೆ ಯಾರನ್ನೂ ಕಳಿಸಲ್ಲ, ತಿಂಗಳಿಗೆ ಒಂದೂವರೆ ಲಕ್ಷ.

ಫೋನಿನಲ್ಲಿ ನನ್ನ ಹತ್ತಿರವೂ ಮಾತಾಡಿದ. ಯುದ್ಧ ನಡೆಯುತ್ತಿರುವ ದೇಶ ಅಲ್ವಾ ಅಂತ ನಾನು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಇವತ್ತಿಗೂ ಕಿವಿಯಲ್ಲಿದೆ. "ಅಕ್ಕಾ, ರಷ್ಯಾ ಅಂದ್ರೆ ನಮ್ಮ ದೇಶದ ಫ್ರೆಂಡು. ನಮ್ಮವರು ಅವರ ಹತ್ರ ಎಣ್ಣೆ ತಗೊಳ್ತಿದ್ದಾರೆ. ಅಂಥವರು ನಮ್ಮ ಹುಡುಗರನ್ನ ಮುಂದೆ ನಿಲ್ಲಿಸ್ತಾರಾ? ಇಂಡಿಯನ್ಸ್‌ಗೆ ಅಲ್ಲಿ ತುಂಬಾ ರೆಸ್ಪೆಕ್ಟ್ ಇದೆ." ಅಪ್ಪನಿಗೆ ಈ ಮಾತು ಸರಿ ಅನ್ನಿಸಿತು. ಅವರ ಕಾಲದವರಿಗೆ 1971ರ ಯುದ್ಧದಲ್ಲಿ ಸೋವಿಯತ್ ಒಕ್ಕೂಟ ನಮ್ಮ ಪರ ನಿಂತದ್ದು ಚೆನ್ನಾಗಿ ನೆನಪಿದೆ. ಆ ನೆನಪನ್ನೇ ಅವನು ಮಾರಿಕೊಂಡ. ಎರಡು ಸರಕಾರಗಳ ಸ್ನೇಹ ಇರುವುದು ಎಣ್ಣೆಗೆ, ಆಯುಧಕ್ಕೆ. ಕಂದಕದಲ್ಲಿ ಕೂತ ಹುಡುಗನ ತಲೆ ಮೇಲೆ ಡ್ರೋನ್ ಬಂದಾಗ ಆ ಸ್ನೇಹ ಅಡ್ಡ ಬರಲ್ಲ.

3 ಲಕ್ಷ ಕೇಳಿದ. ಅಮ್ಮನ ಬಂಗಾರ ಅಡವಿಟ್ಟು ಕೊಟ್ಟೆವು. ಸ್ವಲ್ಪ ನಗದು, ಉಳಿದದ್ದು ಯಾವುದೋ ಹೆಂಗಸಿನ ಹೆಸರಿನ ಅಕೌಂಟಿಗೆ. ಕಂಪನಿ ಅಕೌಂಟ್ ಇಲ್ವಾ ಅಂದರೆ "ಜಿಎಸ್‌ಟಿ ಬೀಳುತ್ತೆ ಅಕ್ಕಾ, ನಿಮಗೇ ಜಾಸ್ತಿ ಆಗುತ್ತೆ" ಅಂದ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ ಸರಕಾರದಲ್ಲಿ ನೋಂದಣಿ ಮಾಡಿಸಿರಬೇಕು, 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿಗಿಂತ ಜಾಸ್ತಿ ಶುಲ್ಕ ತಗೊಳ್ಳುವ ಹಾಗಿಲ್ಲ. ಈ ಮಾತನ್ನು ಆಗ ನಮಗೆ ಹೇಳಿದವರು ಯಾರೂ ಇಲ್ಲ.

ಟೂರಿಸ್ಟ್ ವೀಸಾದಲ್ಲಿ ದುಬೈನಿಂದ ಮಾಸ್ಕೋಗೆ ಹೋದ. ವಿಮಾನ ನಿಲ್ದಾಣದಲ್ಲಿ ಒಬ್ಬ ಬಂದು ಕರೆದುಕೊಂಡು ಹೋದ. ಪಾಸ್‌ಪೋರ್ಟ್ ಇಸಿದುಕೊಂಡ. ಆಮೇಲೆ ಒಂದು ಕಚೇರಿಯಲ್ಲಿ ಕೂರಿಸಿ ಕಟ್ಟು ಕಾಗದ ಮುಂದಿಟ್ಟರು. ಪೂರ್ತಿ ರಷ್ಯನ್ ಭಾಷೆ. ನನ್ನ ತಮ್ಮ ಏಜೆಂಟನಿಗೆ ಫೋನ್ ಮಾಡಿ ಏನಿದು ಅಂತ ಕೇಳಿದ್ದಾನೆ. "ವರ್ಕ್ ಪರ್ಮಿಟ್ ಪೇಪರ್ ಕಣೋ, ಸಹಿ ಹಾಕು. ಲೇಟ್ ಮಾಡಿದ್ರೆ ವೀಸಾ ಕ್ಯಾನ್ಸಲ್ ಆಗುತ್ತೆ" ಅಂತ ಉತ್ತರ. ಪಾಸ್‌ಪೋರ್ಟ್ ಕೈಯಲ್ಲಿಲ್ಲ, ಭಾಷೆ ಬರಲ್ಲ, ಪಕ್ಕದಲ್ಲಿ ಸಮವಸ್ತ್ರದವರು ನಿಂತಿದ್ದಾರೆ. ಹಾಕಿದ. ಅದು ರಷ್ಯಾ ಸೈನ್ಯಕ್ಕೆ ಸೇರುವ ಒಂದು ವರ್ಷದ ಕರಾರು. ಆ ಕ್ಷಣದಿಂದ ಅವರ ಲೆಕ್ಕದಲ್ಲಿ ಅವನು ಸೈನಿಕ. ಕೆಲಸ ಬಿಟ್ಟು ಬರ್ತೀನಿ ಅನ್ನುವ ಮಾತೇ ಇಲ್ಲ, ಬಿಟ್ಟು ಬಂದರೆ ಸೈನ್ಯದಿಂದ ಓಡಿಹೋದ ಹಾಗೆ, ಅದಕ್ಕೆ ಜೈಲು.

ಇದೆಲ್ಲ ನಮಗೆ ಗೊತ್ತಾದದ್ದು ಒಂದು ಫೋಟೊದಿಂದ. ರಾತ್ರಿ ಬಂತು. ಹಸಿರು ಮಚ್ಚೆಯ ಬಟ್ಟೆ, ಕೊರಳಲ್ಲಿ ಲೋಹದ ಬಿಲ್ಲೆ, ಹಿಂದೆ ಎರಡಂತಸ್ತಿನ ಹಲಗೆ ಮಂಚ, ಮಂಚದ ಕಾಲಿಗೆ ಒರಗಿಸಿಟ್ಟ ಬಂದೂಕು. ಕೆಳಗೆ ಬರೆದಿದ್ದ: "ಅಕ್ಕಾ ಇಲ್ಲಿ ಅಡುಗೆಮನೆ ಕೆಲಸ ಇಲ್ಲ. ಗನ್ ಬಿಚ್ಚಿ ಜೋಡಿಸೋದು ಕಲಿಸ್ತಿದ್ದಾರೆ. ಅಪ್ಪಂಗೆ ಹೇಳ್ಬೇಡ." ನಾನು ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದೆ. ಬಂದೂಕನ್ನೇ ನೋಡಿದೆ. ನಾವು ಮೋಸ ಹೋಗಿದ್ದೇವೆ, ಅದೂ ಬಂಗಾರ ಅಡವಿಟ್ಟು ದುಡ್ಡು ಕೊಟ್ಟು ಮೋಸ ಹೋಗಿದ್ದೇವೆ ಅಂತ ಆಗ ತಿಳೀತು. ಹಿಂದಿನ ವಾರವಷ್ಟೇ ಅಮ್ಮ ನೆಂಟರಿಗೆಲ್ಲ ಮಗ ರಷ್ಯಾದಲ್ಲಿದ್ದಾನೆ ಅಂತ ಹೇಳಿಕೊಂಡು ಬಂದಿದ್ದಳು.

ಏಜೆಂಟನಿಗೆ ಆ ಫೋಟೊ ಕಳಿಸಿದೆ. ಅವನ ಉತ್ತರಗಳನ್ನು ಇದ್ದ ಹಾಗೆ ಹಾಕ್ತಿದ್ದೇನೆ, ಯಾಕೆಂದರೆ ನಿಮಗೂ ಇವೇ ಉತ್ತರ ಬರುತ್ತವೆ.

ಮೊದಲು: "ಅಲ್ಲಿ ಎಲ್ಲರಿಗೂ ಅದೇ ಡ್ರೆಸ್ ಅಕ್ಕಾ. ಚಳಿ ಅಲ್ವಾ."

ಬಂದೂಕು ಯಾಕೆ ಅಂದೆ. "ಅದು ಬರೀ ಫಾರ್ಮಾಲಿಟಿ. ಎಲ್ಲರಿಗೂ ಟ್ರೇನಿಂಗ್ ಇರುತ್ತೆ, ಆಮೇಲೆ ಗೋಡೌನ್‌ಗೆ ಹಾಕ್ತಾರೆ."

ಟ್ರೇನಿಂಗ್ ಮುಗಿದು ಅವನನ್ನು ಉಕ್ರೇನಿನಲ್ಲಿ ಯುದ್ಧ ನಡೆಯುತ್ತಿದ್ದ ಡೊನೆಟ್ಸ್ಕ್ ಕಡೆ ಒಯ್ದರು. ಮತ್ತೆ ಫೋನ್ ಮಾಡಿದೆ. "ಅದು ರಷ್ಯಾದವರ ಕೈಯಲ್ಲೇ ಇರೋ ಜಾಗ, ಸೇಫ್ ಇದೆ. ಸ್ವಲ್ಪ ತಡ್ಕೊಳ್ಳಿ, ರಷ್ಯಾ ಪಾಸ್‌ಪೋರ್ಟ್ ಸಿಗುತ್ತೆ, ಯುರೋಪಿಗೆಲ್ಲ ಹೋಗ್ಬಹುದು." ಸೈನ್ಯಕ್ಕೆ ಒಂದು ವರ್ಷದ ಕರಾರು ಮಾಡಿಕೊಂಡ ವಿದೇಶಿಯರಿಗೆ ಪೌರತ್ವ ಬೇಗ ಕೊಡುವ ಆದೇಶಕ್ಕೆ ಪುಟಿನ್ 2024ರ ಜನವರಿಯಲ್ಲಿ ಸಹಿ ಹಾಕಿದ್ದು ನಿಜ. ಆದರೆ ಅದು ಸಿಗೋದು ಯುದ್ಧಕ್ಕೆ ಹೋದವರಿಗೆ ಅನ್ನುವುದನ್ನು ಇವನು ಹೇಳಲ್ಲ. ಆ ಪಾಸ್‌ಪೋರ್ಟ್ ಹಿಡಿದು ಯುರೋಪಿಗೆ ಹೋಗೋದು ಈಗ ಎಷ್ಟು ಕಷ್ಟ ಅನ್ನೋದನ್ನೂ ಹೇಳಲ್ಲ.

ಪೊಲೀಸರ ಹತ್ತಿರ ಹೋಗ್ತೀನಿ ಅಂದ ಮೇಲೆ ಅಕ್ಕಾ ಅನ್ನೋದು ನಿಂತುಹೋಯಿತು. "ಹೋಗಮ್ಮ. ಸಹಿ ಹಾಕಿದ್ದು ನಿನ್ನ ತಮ್ಮ, ನಾನಲ್ಲ. ದುಡ್ಡು ಕೊಟ್ಟಿದ್ದಕ್ಕೆ ರಸೀದಿ ಇದೆಯಾ?"

ರಸೀದಿ ಇದೆಯಾ ಅಂತ ಕೇಳಿದ. ತಮ್ಮ ಕಂದಕ ತೋಡುತ್ತಿದ್ದಾನೆ, ಇವನು ರಸೀದಿ ಕೇಳುತ್ತಿದ್ದಾನೆ.

ಹೌದು, ಅವನನ್ನು ಕಂದಕ ತೋಡಲು, ಮದ್ದುಗುಂಡಿನ ಪೆಟ್ಟಿಗೆ ಹೊರಲು ಹಾಕಿದ್ದರು. ಡ್ರೋನ್‌ಗೆ ಪೆಟ್ಟಿಗೆ ಹೊರುವವನು, ಗುಂಡು ಹೊಡೆಯುವವನು ಅಂತ ವ್ಯತ್ಯಾಸ ಇಲ್ಲ. ಜೊತೆಯಲ್ಲಿದ್ದ ನೇಪಾಳದ ಹುಡುಗ ತಮ್ಮನ ಕಣ್ಣೆದುರಿಗೇ ಹೋದ. ತಮ್ಮನ ಕಾಲಿಗೆ ಚೂರು ಹೊಕ್ಕಿತು. ವಾರಗಟ್ಟಲೆ ಫೋನ್ ಇರುತ್ತಿರಲಿಲ್ಲ. ಬಂದಾಗಲೂ ಪಿಸುಮಾತು. ಪೇಪರಿನಲ್ಲಿ ಸೂರತ್ ಕಡೆಯ ಹುಡುಗನೊಬ್ಬ, ಹೈದರಾಬಾದಿನವನೊಬ್ಬ ಅಲ್ಲೇ ತೀರಿಕೊಂಡ ಸುದ್ದಿ ಬಂದಾಗ ಅಮ್ಮನ ಕಣ್ಣಿಗೆ ಬೀಳದ ಹಾಗೆ ಪೇಪರ್ ಬಚ್ಚಿಟ್ಟಿದ್ದೇನೆ.

ಅಷ್ಟು ದೊಡ್ಡ ದೇಶಕ್ಕೆ ನಮ್ಮ ಹುಡುಗರೇ ಯಾಕೆ ಬೇಕು ಅಂತ ಎಷ್ಟೋ ಜನ ಕೇಳಿದ್ದಾರೆ. ನಾನೂ ಆಮೇಲೆ ಓದಿ ತಿಳಿದುಕೊಂಡೆ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ನುಗ್ಗಿತು, ಬೇಗ ಮುಗಿಯಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ 3 ಲಕ್ಷ ಜನರನ್ನು ಸೈನ್ಯಕ್ಕೆ ಕರೆದಾಗ ರಷ್ಯಾದ ಗಂಡಸರೇ ಗುಂಪುಗುಂಪಾಗಿ ಗಡಿ ದಾಟಿ ಹೋದರು. ಇನ್ನೊಮ್ಮೆ ಹಾಗೆ ಕರೆದರೆ ತಮ್ಮ ಊರಿನ ಜನವೇ ಸಿಟ್ಟಾಗ್ತಾರೆ. ಅದಕ್ಕೇ ದುಡ್ಡಿನ ಆಸೆ ತೋರಿಸುವ ಕರಾರು, ಹೊರಗಿನ ಬಡ ದೇಶದ ಹುಡುಗರು. ತಮ್ಮ ಜನರನ್ನು ಹೀಗೆ ಸಾಗಿಸುತ್ತಿದ್ದ ಜಾಲವನ್ನು ಹಿಡಿದೆವು ಅಂತ ಕ್ಯೂಬಾ 2023ರಲ್ಲೇ ಹೇಳಿತ್ತು. ನೇಪಾಳ 2024ರ ಜನವರಿಯಲ್ಲಿ ರಷ್ಯಾ, ಉಕ್ರೇನ್ ಎರಡಕ್ಕೂ ಕೆಲಸದ ಪರ್ಮಿಟ್ ನಿಲ್ಲಿಸಿತು. ಉತ್ತರ ಕೊರಿಯಾ ಅಂತೂ ಸರಕಾರವೇ ಒಪ್ಪಂದ ಮಾಡಿಕೊಂಡು 10 ಸಾವಿರಕ್ಕೂ ಜಾಸ್ತಿ ಸೈನಿಕರನ್ನು ಕಳಿಸಿತು, ಅವರಲ್ಲಿ ಎಷ್ಟೋ ಜನ ರಷ್ಯಾದ ಗಡಿ ಭಾಗದ ಕುರ್ಸ್ಕ್‌ನಲ್ಲಿ ಸತ್ತರು. ಆ ಕಡೆ ಅಮೆರಿಕ, ಯುರೋಪ್ ದೇಶಗಳು ಉಕ್ರೇನಿಗೆ ಆಯುಧ ಕೊಡುತ್ತವೆ, ಯುದ್ಧಕ್ಕೆ ತಮ್ಮ ಸೈನ್ಯ ಕಳಿಸಲ್ಲ. ಉಕ್ರೇನ್ ಕೂಡ 2022ರಲ್ಲಿ ವಿದೇಶಿಯರಿಗೆ ಬೇರೆ ದಳ ಕಟ್ಟಿತು. ದೊಡ್ಡವರ ಪೈಪೋಟಿ ಅವರಿಗಿರಲಿ. ನಮ್ಮ ಹಳ್ಳಿ ಹುಡುಗನಿಗೆ ಡೊನೆಟ್ಸ್ಕ್ ಯಾರಿಗೆ ಸೇರಬೇಕು ಅನ್ನುವ ಜಗಳದಲ್ಲಿ ಏನಿದೆ? ಏನೂ ಇಲ್ಲ. ಅವನಿಗೆ ಬೇಕಿದ್ದದ್ದು ತಂಗಿ ಮದುವೆಗೆ ದುಡ್ಡು.

ತಮ್ಮ ಬದುಕಿ ಬಂದ. 2024ರ ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ಈ ವಿಷಯ ಪುಟಿನ್ ಮುಂದೆ ಎತ್ತಿದರು, ಆಮೇಲೆ ಹುಡುಗರನ್ನು ಒಬ್ಬೊಬ್ಬರಾಗಿ ಬಿಡುತ್ತಾ ಬಂದರು. ಕಲಬುರಗಿ ಕಡೆಯ ಹುಡುಗರೂ ಆಗಲೇ ಬಂದದ್ದು. ಎಲ್ಲರೂ ಬರಲಿಲ್ಲ. 2025ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಕೊಟ್ಟ ಲೆಕ್ಕದಲ್ಲಿ 126 ಭಾರತೀಯರು ಹೀಗೆ ಸೇರಿದ್ದರು, 12 ಜನ ಸತ್ತಿದ್ದರು, 16 ಜನ ನಾಪತ್ತೆ. ನಾಪತ್ತೆ ಆದವರ ಮನೆಯವರ ಪಾಡು ಯೋಚನೆ ಮಾಡಿ. ಹೆಣವೂ ಇಲ್ಲ, ಸುದ್ದಿಯೂ ಇಲ್ಲ, ಏಜೆಂಟನ ಫೋನ್ ಸ್ವಿಚ್ ಆಫ್.

ತಮ್ಮ ಬಂದ ಮೇಲೆ ದುಡ್ಡು ವಾಪಸ್ ಕೇಳಲು ಬೇರೆ ನಂಬರಿನಿಂದ ಏಜೆಂಟನನ್ನು ಹಿಡಿದೆ. "ನಿನ್ನ ತಮ್ಮ ಜೀವಂತ ಬಂದಿದ್ದಾನಲ್ಲ, ಇನ್ನೇನು ಬೇಕು? ಎಷ್ಟು ಜನ ಬರಲೇ ಇಲ್ಲ ಗೊತ್ತಾ?" ಇದು ಅವನ ಬಾಯಿಂದಲೇ ಬಂದದ್ದು. ಅಂದರೆ ಅವನಿಗೆ ಗೊತ್ತಿತ್ತು. ಫೋಟೊ ನೋಡಿ ಚಳಿ ಅಲ್ವಾ ಅಂದಾಗಲೂ ಗೊತ್ತಿತ್ತು, ಬಂಗಾರದ ದುಡ್ಡು ಎಣಿಸಿಕೊಂಡಾಗಲೂ ಗೊತ್ತಿತ್ತು.

2024ರ ಮಾರ್ಚ್‌ನಲ್ಲಿ ಸಿಬಿಐ ಇಂಥ ಏಜೆಂಟರ ಮೇಲೆ ಕೇಸ್ ಹಾಕಿ ಹಲವು ಊರುಗಳಲ್ಲಿ ದಾಳಿ ಮಾಡಿತು. ಭಾರತ ಸೇರಿ ಹಲವು ದೇಶದವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುವುದು ನಿಲ್ಲಿಸಿದ್ದೇವೆ ಅಂತ ದೆಹಲಿಯ ರಷ್ಯಾ ರಾಯಭಾರ ಕಚೇರಿ ಅದೇ ವರ್ಷ ಹೇಳಿತು. ಆದರೆ 2025ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಇಲಾಖೆ ಮತ್ತೆ ಎಚ್ಚರಿಕೆ ಕೊಡಬೇಕಾಯಿತು. ನಿಂತಿದ್ದರೆ ಎಚ್ಚರಿಕೆ ಯಾಕೆ ಬೇಕಿತ್ತು?

ನನ್ನ ಮಾತು ಇಷ್ಟೇ. ಏಜೆಂಟನ ಹೆಸರು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ವೆಬ್‌ಸೈಟಿನ ನೋಂದಾಯಿತ ಏಜೆಂಟರ ಪಟ್ಟಿಯಲ್ಲಿ ಇಲ್ಲದಿದ್ದರೆ ಅವನ ಹತ್ತಿರ ಮಾತೇ ಬೇಡ. ಟೂರಿಸ್ಟ್ ವೀಸಾದಲ್ಲಿ ಹೋಗಿ ಆಮೇಲೆ ಕೆಲಸದ ವೀಸಾ ಮಾಡಿಸ್ತೀನಿ ಅಂದರೆ ಅಲ್ಲಿಗೇ ಬಿಡಿ. ಓದಲು ಬಾರದ ಕಾಗದಕ್ಕೆ ಯಾರು ಹೆದರಿಸಿದರೂ ಸಹಿ ಬೇಡ, ವಾಪಸ್ ಕಳಿಸಿದರೆ ಕಳಿಸಲಿ. ದುಡ್ಡು ಕೊಡುವ ಮಾತು ಬಂದರೆ ರಸೀದಿ ಮೊದಲು. ನನ್ನನ್ನು ಕೇಳಿದ ಹಾಗೆ ನಿಮ್ಮನ್ನು ಅವನು ಕೇಳಬಾರದು.

ಹುಡುಗ ಈಗಾಗಲೇ ಹೋಗಿದ್ದರೆ, ಏಜೆಂಟ್ ಏನಾದರೂ ಮಾಡ್ತಾನೆ ಅಂತ ಕಾಯಬೇಡಿ. ಪಾಸ್‌ಪೋರ್ಟ್ ಜೆರಾಕ್ಸ್, ವೀಸಾ, ದುಡ್ಡು ಹಾಕಿದ ಬ್ಯಾಂಕ್ ವಿವರ, ಅವನ ಚಾಟ್ ಎಲ್ಲ ಜೋಡಿಸಿ ಮಾಸ್ಕೋದ ಭಾರತೀಯ ರಾಯಭಾರ ಕಚೇರಿಗೆ ಇವತ್ತೇ ಮೇಲ್ ಮಾಡಿ, ವಿದೇಶಾಂಗ ಇಲಾಖೆಯ ಮದದ್ ಅನ್ನುವ ದೂರಿನ ಪೋರ್ಟಲ್‌ನಲ್ಲಿ ದೂರು ಹಾಕಿ, ನಿಮ್ಮ ಎಂಪಿ ಆಫೀಸಿಗೆ ಹೋಗಿ ಕೂತುಕೊಳ್ಳಿ. ಟ್ರೇನಿಂಗ್ ನಡೆಯುವ ದಿನಗಳಲ್ಲಿ ಫೋನ್ ಇರುತ್ತದೆ, ಅಷ್ಟರೊಳಗೆ ಅವನು ಇರುವ ಜಾಗ, ಅವನ ತುಕಡಿಯ ನಂಬರ್, ಕರಾರಿನ ಹಾಳೆಯ ಫೋಟೊ ತರಿಸಿಕೊಳ್ಳಿ. ಮುಂದಕ್ಕೆ ಕಳಿಸಿದ ಮೇಲೆ ಫೋನ್ ಕಿತ್ತುಕೊಳ್ಳುತ್ತಾರೆ, ಆಮೇಲೆ ಎಲ್ಲಿದ್ದಾನೆ ಅಂತ ಹೇಳುವವರೂ ಸಿಗಲ್ಲ.